ಕ್ಯಾಮೆರಾ ಎಷ್ಟು ದೊಡ್ಡದಿರಬೇಕು? ಹಂಪಿಯಿಂದ ಡೊಂಬಿವಲಿಯವರೆಗೆ ಒಂದು ಚರಿತ್ರೆ

ಅರಿಶಿನ ಕುಂಕುಮ ಇರಲಿ, ರಾಜ್ಯೋತ್ಸವ ಇರಲಿ, ಮಕ್ಕಳ ಏಕಪಾತ್ರಾಭಿನಯ ಸ್ಪರ್ಧೆ ಇರಲಿ, ನಮ್ಮ ಮಹಿಳಾ ವಿಭಾಗದ ಕಾರ್ಯಕ್ರಮಗಳ ಫೋಟೋ ತೆಗೆಯುವ ಕೆಲಸ ಹತ್ತು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಪ್ರತಿ ಸಲವೂ ಯಾರಾದರೊಬ್ಬರು ನನ್ನ ಕೈಯಲ್ಲಿರುವುದನ್ನು ನೋಡಿ ಕೇಳುತ್ತಾರೆ: "ಅಯ್ಯೋ, ಇಷ್ಟು ಪುಟ್ಟ ಕ್ಯಾಮೆರಾನಾ? ಇದರಲ್ಲಿ ಚೆನ್ನಾಗಿ ಬರುತ್ತಾ?" ನಾನು ನಕ್ಕು "ನೋಡಿ ಹೇಳಿ" ಎನ್ನುತ್ತೇನೆ. ಆದರೆ ಆ ಪ್ರಶ್ನೆ ಸಣ್ಣದಲ್ಲ. ಫೋಟೋಗ್ರಫಿ ಹುಟ್ಟಿದಾಗಿನಿಂದ ಇರುವ ಪ್ರಶ್ನೆ ಅದು. ಚಿತ್ರ ಚೆನ್ನಾಗಿ ಬರಬೇಕಾದರೆ ಬೆಳಕು ಬೀಳುವ ಜಾಗ ದೊಡ್ಡದಿರಬೇಕು. ಆ ಜಾಗ ದೊಡ್ಡದಾದರೆ ಕ್ಯಾಮೆರಾ ಭಾರವಾಗುತ್ತದೆ. ಭಾರವಾದರೆ ಮನೆಯಲ್ಲೇ ಉಳಿಯುತ್ತದೆ. ಮನೆಯಲ್ಲಿ ಉಳಿದ ಕ್ಯಾಮೆರಾ ಯಾವ ಚಿತ್ರವನ್ನೂ ತೆಗೆಯುವುದಿಲ್ಲ. ಈ ಜಗ್ಗಾಟದ ಕಥೆಯನ್ನು ಈ ಬಾರಿಯ ಸಂಚಿಕೆಗೆ ಬರೆಯಬೇಕೆನಿಸಿತು. ಇದರಲ್ಲಿ ನನ್ನದೂ ಒಂದು ನಷ್ಟ ಸೇರಿಕೊಂಡಿದೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಹಂಪಿಗೆ ಬಂದ ದೊಡ್ಡ ಪೆಟ್ಟಿಗೆ

ನನ್ನ ತವರು ಹೊಸಪೇಟೆ. ಹಂಪಿ ನಮಗೆ ಪಕ್ಕದ ಊರು. ಅಲ್ಲಿಯ ಕಲ್ಲಿನ ರಥದ ಎದುರು ನಿಂತು ಫೋಟೋ ತೆಗೆಸಿಕೊಳ್ಳದ ಮನೆಯೇ ನಮ್ಮ ಕಡೆ ಇರಲಿಕ್ಕಿಲ್ಲ. ಆ ರಥವನ್ನು 1856ರಲ್ಲೇ ಒಬ್ಬರು ಫೋಟೋ ತೆಗೆದಿದ್ದರು ಎಂಬುದು ನನಗೆ ಗೊತ್ತಾದದ್ದು ಮದುವೆಯಾಗಿ ಮುಂಬಯಿಗೆ ಬಂದು ಎಷ್ಟೋ ವರ್ಷಗಳ ಮೇಲೆ.

ಆತ ಅಲೆಕ್ಸಾಂಡರ್ ಗ್ರೀನ್‌ಲಾ, ಮದ್ರಾಸ್ ಸೈನ್ಯದ ಅಧಿಕಾರಿ. ಅವನು ಬಳಸಿದ್ದು ಕಾಗದದ ನೆಗೆಟಿವ್. ಅದರ ಅಳತೆ ಸುಮಾರು 16 ಇಂಚು ಅಗಲ, 18 ಇಂಚು ಉದ್ದ. ಅಂದರೆ ಹೆಚ್ಚುಕಡಿಮೆ ನಾವು ಊಟಕ್ಕೆ ಕೂರುವ ಮಣೆಯಷ್ಟು. ಅಷ್ಟು ದೊಡ್ಡ ಕಾಗದದ ಮೇಲೆ ಬಿಂಬ ಬೀಳಬೇಕಾದರೆ ಕ್ಯಾಮೆರಾ ಒಂದು ಟ್ರಂಕಿನಷ್ಟಾದರೂ ಇರಬೇಕು. ಜೊತೆಗೆ ಕಾಲುಮಣೆ, ರಾಸಾಯನಿಕಗಳು, ಕತ್ತಲೆಯ ವ್ಯವಸ್ಥೆ. ಬಳ್ಳಾರಿ ಸೀಮೆಯ ಬಿಸಿಲಲ್ಲಿ, ಹಂಪಿಯ ಬಂಡೆಗಳ ನಡುವೆ ಅದನ್ನೆಲ್ಲ ಹೊತ್ತು ತಿರುಗಬೇಕಿತ್ತು.

ಅಷ್ಟು ದೊಡ್ಡದೇಕೆ ಬೇಕಿತ್ತು? ಕಾರಣ ಸರಳ. ಆಗ ನೆಗೆಟಿವ್ಅನ್ನು ದೊಡ್ಡದು ಮಾಡಿ ಮುದ್ರಿಸುವ ರೂಢಿ ಇರಲಿಲ್ಲ. ನೆಗೆಟಿವ್ಅನ್ನು ಬೆಳಕಿಗೆ ಸ್ಪಂದಿಸುವ ಕಾಗದದ ಮೇಲೆ ಒತ್ತಿಟ್ಟು ಬಿಸಿಲಿಗೆ ಹಿಡಿಯುತ್ತಿದ್ದರು. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಗೋಡೆಗೆ ತೂಗುಹಾಕುವಂಥ ಚಿತ್ರ ಬೇಕಾದರೆ ಗೋಡೆಗೆ ತೂಗುವಷ್ಟೇ ದೊಡ್ಡ ನೆಗೆಟಿವ್ ಬೇಕು.

ಗ್ರೀನ್‌ಲಾ ಒಬ್ಬನೇ ಅಲ್ಲ. ಅದಕ್ಕೆ ಒಂದು ವರ್ಷ ಮೊದಲು, 1855ರಲ್ಲಿ, ಮುಂಬಯಿ ಪ್ರಾಂತ್ಯದ ಸರಕಾರ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಗೆ ವಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಫೋಟೋ ತೆಗೆಯುವ ಕೆಲಸ ಒಪ್ಪಿಸಿತ್ತು. ಅವನು ಸೈನ್ಯಕ್ಕೆ ಹಿಂತಿರುಗಿದ ಮೇಲೆ ಡಾ. ಪಿಗೋ ಎಂಬ ವೈದ್ಯ ಆ ಕೆಲಸ ಮುಂದುವರಿಸಿದ. ಇಲ್ಲಿ ನಮ್ಮ ಕಡೆಯೂ ಅದು ಹೊಸತನದ ಕಾಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. ಮರುವರ್ಷ, 1854ರಲ್ಲಿ, ಮುಂಬಯಿಯಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಒಂದೇ ವರ್ಷದ ಅಂತರದಲ್ಲಿ ಬಂದ ರೈಲು ಮತ್ತು ಕ್ಯಾಮೆರಾ, ಮುಂದೆ ಡೊಂಬಿವಲಿಯ ಲೇಡೀಸ್ ಡಬ್ಬಾದಲ್ಲಿ ನನ್ನ ಹೆಗಲ ಮೇಲೆ ಒಂದಕ್ಕೊಂದು ಡಿಕ್ಕಿ ಹೊಡೆಯಲಿದ್ದವು!

ಗ್ರೀನ್‌ಲಾನ ಚಿತ್ರದಲ್ಲಿ ಒಂದು ಸಂಗತಿಯಿದೆ. ಇಂದು ನಾವು ಕಾಣುವ ಕಲ್ಲಿನ ರಥಕ್ಕೆ ನೆತ್ತಿಯ ಮೇಲೆ ಗೋಪುರವಿಲ್ಲ. ಅವನ ಚಿತ್ರದಲ್ಲಿ ಇಟ್ಟಿಗೆಯ ಗೋಪುರವಿದೆ. ಮುಂದೆ ಅದು ಇಲ್ಲವಾಯಿತು. 1980ರ ದಶಕದಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಏನು ಉಳಿಯಿತು, ಏನು ಹೋಯಿತು ಎಂದು ಕಣ್ಣಿಗೆ ಕಾಣುತ್ತದೆ. ಅಷ್ಟು ಭಾರ ಹೊತ್ತದ್ದು ವ್ಯರ್ಥವಾಗಲಿಲ್ಲ.

ಭಾರ ಇಳಿಸಿದವರು

ಭಾರದ ಕ್ಯಾಮೆರಾ ಹೊರಲಾರದವರು ಮನೆಯಲ್ಲೇ ದಾರಿ ಹುಡುಕಿದರು. ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಎಂಬ ಮಹಿಳೆಗೆ 48ನೇ ವಯಸ್ಸಿನಲ್ಲಿ, 1863ರಲ್ಲಿ, ಮಗಳು ಮತ್ತು ಅಳಿಯ ಕ್ಯಾಮೆರಾ ಉಡುಗೊರೆ ಕೊಟ್ಟರು. ಆಕೆ ಇಂಗ್ಲೆಂಡಿನ ತಮ್ಮ ಮನೆಯ ಕೋಳಿಗೂಡನ್ನೇ ಸ್ಟುಡಿಯೋ ಮಾಡಿಕೊಂಡರು. ಕ್ಯಾಮೆರಾ ಜನರ ಬಳಿ ಹೋಗಲಿಲ್ಲ, ಜನರೇ ಅದರ ಬಳಿ ಬಂದರು. ನಡುವಯಸ್ಸಿನಲ್ಲಿ ಮಗಳು ಕೊಟ್ಟ ಕ್ಯಾಮೆರಾ ಎಂಬ ಮಾತು ಓದಿದಾಗ ನನಗೆ ಯಾಕೆ ಮೈ ಜುಮ್ಮೆಂದಿತು ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

1888ರಲ್ಲಿ ಜಾರ್ಜ್ ಈಸ್ಟ್‌ಮನ್ ಸುರುಳಿ ಫಿಲ್ಮಿನ ಕೊಡ್ಯಾಕ್ ತಂದರು. 1900ರಲ್ಲಿ ಒಂದು ಡಾಲರಿನ ಬ್ರೌನಿ ಬಂತು. ಕ್ಯಾಮೆರಾ ಸಾಮಾನ್ಯರ ಮನೆಯೊಳಗೆ ಕಾಲಿಟ್ಟಿತು. ಆದರೆ "ಚಿಕ್ಕದೂ ಆಗಬೇಕು, ಚಿತ್ರವೂ ಮೇಲ್ಮಟ್ಟದ್ದಿರಬೇಕು" ಎಂಬ ಹಟ ಹಿಡಿದವರು ಜರ್ಮನಿಯ ಓಸ್ಕರ್ ಬಾರ್ನಾಕ್. ಅವರಿಗೆ ಉಬ್ಬಸ. ಗುಡ್ಡ ಹತ್ತುವ ಆಸೆ, ಆದರೆ ಗಾಜಿನ ಪ್ಲೇಟುಗಳ ಭಾರದ ಕ್ಯಾಮೆರಾ ಹೊರಲು ಉಸಿರು ಸಾಲದು. ಸಿನಿಮಾಕ್ಕೆಂದು ಬಳಸುತ್ತಿದ್ದ 35 ಮಿ.ಮೀ. ಫಿಲ್ಮನ್ನು ಅವರು ಅಡ್ಡಲಾಗಿ ಓಡಿಸಿ, ಸಿನಿಮಾದ ಎರಡು ಚೌಕಟ್ಟುಗಳ ಜಾಗವನ್ನು ಒಂದು ಮಾಡಿಕೊಂಡರು. ಹೀಗೆ 24×36 ಮಿ.ಮೀ. ಅಳತೆ ಹುಟ್ಟಿತು. 1914ರ ಹೊತ್ತಿಗೆ ಮಾದರಿ ಸಿದ್ಧ, 1925ರಲ್ಲಿ ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ. 1930ರಲ್ಲಿ ಮಸೂರ ಬದಲಾಯಿಸಬಹುದಾದ ಲೈಕಾ ಬಂತು. ಚಿಕ್ಕ ನೆಗೆಟಿವ್, ದೊಡ್ಡ ಚಿತ್ರ: ಇದೇ ಬಾರ್ನಾಕ್ ಅವರ ಸೂತ್ರ. ಹಿಗ್ಗಿಸಿ ಮುದ್ರಿಸುವ ಯಂತ್ರ ಅಷ್ಟರಲ್ಲಿ ಬಳಕೆಗೆ ಬಂದಿದ್ದರಿಂದ ಈ ಸೂತ್ರ ನಡೆಯಿತು.

ಇಂದು ಅಂಗಡಿಯವರು "ಫುಲ್ ಫ್ರೇಮ್" ಎಂದು ಬಹಳ ಗೌರವದಿಂದ ಹೇಳುವುದು ಇದೇ 24×36 ಅಳತೆಗೆ. ಆದರೆ ಅದು ಹುಟ್ಟಿದ್ದೇ "ಪುಟ್ಟ ಕ್ಯಾಮೆರಾ" ಎಂಬ ಹೆಸರು ಹೊತ್ತು. ಗ್ರೀನ್‌ಲಾನ ಕಾಗದದ ಎದುರು ಅದು ಇನ್ನೂರನೇ ಒಂದು ಪಾಲೂ ಇಲ್ಲ!

ಆದರೂ ಪತ್ರಿಕೆಯವರು ಬೇಗ ನಂಬಲಿಲ್ಲ. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ (1913–2012) ಅವರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿದವರು. ಆರಂಭದಲ್ಲಿ ಅವರ ಚಿತ್ರಗಳು ಗಂಡನ ಹೆಸರಿನಲ್ಲಿ ಅಚ್ಚಾದವು. 1942ರಲ್ಲಿ ದೆಹಲಿಗೆ ಹೋದ ಮೇಲೆ ಸೀರೆ ಉಟ್ಟು, ಸೈಕಲ್ ತುಳಿದು, ಸ್ಪೀಡ್ ಗ್ರಾಫಿಕ್, ರೋಲಿಫ್ಲೆಕ್ಸ್‌ನಂಥ ಕ್ಯಾಮೆರಾಗಳನ್ನು ಹೊತ್ತು ಕೆಲಸ ಮಾಡಿದರು. ಸ್ಪೀಡ್ ಗ್ರಾಫಿಕ್ ಎಂದರೆ ಸಾಮಾನ್ಯವಾಗಿ 4×5 ಇಂಚಿನ ನೆಗೆಟಿವ್, ಎರಡೂ ಕೈ ಬೇಡುವ ಪೆಟ್ಟಿಗೆ. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂದಾಗ ಟಿವಿಯಲ್ಲಿ ಅವರ ಹಳೆಯ ಚಿತ್ರ ನೋಡಿದೆ. ನನಗೆ ಕಣ್ಣಿಗೆ ಬಿದ್ದದ್ದು ಪ್ರಶಸ್ತಿಯಲ್ಲ, ಆ ಹೆಗಲು.

ಅಪ್ಪನ ಆಗ್ಫಾ, ಅಮ್ಮನ ಓಲೆ

ನಮ್ಮ ಮನೆಯಲ್ಲಿ ಇದ್ದದ್ದು ಆಗ್ಫಾ ಕ್ಲಿಕ್ ಥ್ರೀ. ಬರೋಡಾದಲ್ಲಿ ತಯಾರಾಗುತ್ತಿದ್ದ ಆ ಕರಿಯ ಪೆಟ್ಟಿಗೆ ನಿಮ್ಮಲ್ಲಿ ಎಷ್ಟೋ ಜನರ ತವರಿನಲ್ಲೂ ಇದ್ದಿರಬೇಕು. ಒಂದು ಸುರುಳಿಗೆ 12 ಚಿತ್ರ. ಸರಳ ಮಸೂರ, ಫೋಕಸ್ ಮಾಡುವ ತಾಪತ್ರಯವಿಲ್ಲ. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ಫಿಲ್ಮ್ ಸಿಕ್ಕರೆ ಸಿಕ್ಕಿತು. ಅಪ್ಪ ತುಂಗಭದ್ರಾ ಅಣೆಕಟ್ಟಿನ ಕಚೇರಿಯಲ್ಲಿ ಗುಮಾಸ್ತರು. ಆ 12 ಚಿತ್ರಗಳನ್ನು ಆರು ತಿಂಗಳು ಓಡಿಸುತ್ತಿದ್ದರು.

ಒಂದು ಸಂಕ್ರಾಂತಿಗೆ ಹಂಪಿಗೆ ಹೋದಾಗ ಅಪ್ಪ ಕಲ್ಲಿನ ರಥದ ಎದುರು ಅಮ್ಮನನ್ನು ನಿಲ್ಲಿಸಿ ಒಂದು ಚಿತ್ರ ತೆಗೆದರು. ಹಿಗ್ಗಿಸಿ ಮುದ್ರಿಸಲು ಖರ್ಚು ಹೆಚ್ಚೆಂದು ನೆಗೆಟಿವ್ ಅಳತೆಯಲ್ಲೇ ಮುದ್ರಿಸಿಕೊಟ್ಟಿದ್ದರು ಸ್ಟುಡಿಯೋದವರು. ಗ್ರೀನ್‌ಲಾ ಮಾಡಿದಂತೆಯೇ! ಆರು ಸೆಂಟಿಮೀಟರಿನ ಆ ಚೌಕ ನಮ್ಮ ಆಲ್ಬಮ್ಮಿನಲ್ಲಿ ಕಪ್ಪು ಹಾಳೆಗೆ ಅಂಟಿಕೊಂಡು ನಲವತ್ತು ವರ್ಷ ಕೂತಿತ್ತು. ಕೆಲವು ವರ್ಷಗಳ ಹಿಂದೆ ಅದರ ನೆಗೆಟಿವ್ ಸಿಕ್ಕಿತು. ಮಗಳು ಸ್ಕ್ಯಾನ್ ಮಾಡಿಸಿ ದೊಡ್ಡದು ಮಾಡಿಸಿದಳು. ಅಮ್ಮನ ಕಿವಿಯೋಲೆಯ ಕಲ್ಲುಗಳನ್ನು ಎಣಿಸಬಹುದಿತ್ತು. ಮಸೂರ ಅಗ್ಗದ್ದಾಗಿರಬಹುದು, ಆದರೆ ನೆಗೆಟಿವ್‌ನ ಜಾಗ 24×36ರ ಮೂರೂವರೆ ಪಟ್ಟು. ಜಾಗ ದೊಡ್ಡದಾದರೆ ಏನು ಲಾಭ ಎಂದು ನನಗೆ ಅರ್ಥವಾದದ್ದು ಆ ಓಲೆಯಿಂದ.

ಇದನ್ನು ಹೀಗೆ ತಿಳಿಯಬಹುದು. ಮಳೆ ಬರುವಾಗ ಅಂಗಳದಲ್ಲಿ ಒಂದು ಪರಾತ, ಒಂದು ಲೋಟ ಇಡಿ. ಎರಡರ ಮೇಲೂ ಸುರಿಯುವುದು ಒಂದೇ ಮಳೆ. ಆದರೆ ಪರಾತದಲ್ಲಿ ಹೆಚ್ಚು ನೀರು ಸೇರುತ್ತದೆ. ಸೆನ್ಸರ್ ಆ ಪಾತ್ರೆ, ಬೆಳಕು ಆ ಮಳೆ. ಜೋರು ಮಳೆಯಲ್ಲಿ ಲೋಟವೂ ತುಂಬುತ್ತದೆ, ತಕರಾರಿಲ್ಲ. ತುಂತುರು ಹನಿಯಲ್ಲಿ ಮಾತ್ರ ಲೋಟದ ಬಡತನ ಕಾಣುತ್ತದೆ. ಸಂಜೆಯ ಮಂದ ಬೆಳಕಿನಲ್ಲಿ ಸಣ್ಣ ಸೆನ್ಸರಿನ ಚಿತ್ರ ರವೆ ರವೆಯಾಗುವುದು ಇದಕ್ಕೇ. ಮೆಗಾಪಿಕ್ಸೆಲ್ ಎಂಬುದು ಬೇರೆ ಲೆಕ್ಕ. ಅದು ಒಂದು ಇಡ್ಲಿ ತಟ್ಟೆಯಲ್ಲಿ ಎಷ್ಟು ಗುಳಿ ಎಂಬಂತೆ. ತಟ್ಟೆ ಅಷ್ಟೇ ಇದ್ದು ಗುಳಿ ಹೆಚ್ಚಿಸಿದರೆ ಇಡ್ಲಿ ಸಣ್ಣದಾಗುತ್ತದೆ, ಹಿಟ್ಟು ಹೆಚ್ಚುವುದಿಲ್ಲ.

ಕನ್ನಡಿ ತೆಗೆದ ಕಥೆ

ಫಿಲ್ಮಿನ ಕಾಲದಲ್ಲೇ ಇನ್ನೂ ಚಿಕ್ಕದು ಮಾಡುವ ಪ್ರಯತ್ನ ನಡೆದಿತ್ತು. 1959ರಲ್ಲಿ ಜಪಾನಿನ ಒಲಿಂಪಸ್ ಕಂಪನಿಯ ಯೋಶಿಹಿಸಾ ಮೈತಾನಿ ಎಂಬ ಯುವ ಎಂಜಿನಿಯರ್ 'ಪೆನ್' ಎಂಬ ಕ್ಯಾಮೆರಾ ರೂಪಿಸಿದರು. 36 ಚಿತ್ರದ ಸುರುಳಿಯಲ್ಲಿ 72 ಚಿತ್ರ, ಅಂದರೆ ಅರ್ಧ ಚೌಕಟ್ಟು. 1963ರ 'ಪೆನ್ ಎಫ್'ಗೆ ಮಸೂರವನ್ನೂ ಬದಲಾಯಿಸಬಹುದಿತ್ತು. 1972ರಲ್ಲಿ ಕೊಡ್ಯಾಕ್ 110 ಎಂಬ ಪುಟ್ಟ ಫಿಲ್ಮ್ ತಂದಿತು. ಚಿತ್ರದ ಅಳತೆ 13×17 ಮಿ.ಮೀ. 1978ರಲ್ಲಿ ಪೆಂಟ್ಯಾಕ್ಸ್ ಅದಕ್ಕೆಂದೇ ಅಂಗೈಯಗಲದ, ಮಸೂರ ಬದಲಾಯಿಸುವ ಕ್ಯಾಮೆರಾ ಮಾಡಿತು. ಚೆಂದದ ಆಟಿಕೆಯಂತಿದ್ದರೂ ಅಷ್ಟು ಸಣ್ಣ ಫಿಲ್ಮಿನಿಂದ ದೊಡ್ಡ ಚಿತ್ರ ಚೆನ್ನಾಗಿ ಬರುತ್ತಿರಲಿಲ್ಲ. ಈ 13×17 ಎಂಬ ಅಳತೆಯನ್ನು ನೆನಪಿಡಿ. ಅದು ಮತ್ತೆ ಬರಲಿದೆ.

ಡಿಜಿಟಲ್ ಬಂದಾಗ ಫಿಲ್ಮಿನ ಜಾಗಕ್ಕೆ ಸಿಲಿಕಾನ್ ಬಿಲ್ಲೆ ಬಂತು. ಸಿಲಿಕಾನ್ ಸೆನ್ಸರ್ ಮಾಡುವುದು ಶಂಕರಪಾಳಿ ಕತ್ತರಿಸಿದಂತೆ. ದುಂಡಗೆ ಲಟ್ಟಿಸಿದ ಹಾಳೆಯಿಂದ ಸಣ್ಣ ತುಂಡು ಕತ್ತರಿಸಿದರೆ ಬಹಳ ಬರುತ್ತವೆ, ದೊಡ್ಡದು ಕತ್ತರಿಸಿದರೆ ಕೆಲವೇ. ಹಾಳೆಯಲ್ಲಿ ಎಲ್ಲೋ ಒಂದು ಕಸ ಇದ್ದರೆ ಸಣ್ಣ ತುಂಡಾದರೆ ಒಂದು ಹೋಗುತ್ತದೆ, ದೊಡ್ಡದಾದರೆ ನಷ್ಟ ದೊಡ್ಡದು. ಹಾಗಾಗಿ 24×36 ಸೆನ್ಸರ್ ವಿಪರೀತ ದುಬಾರಿಯಾಯಿತು. ಜನಸಾಮಾನ್ಯರ ಡಿಜಿಟಲ್ ಎಸ್‌ಎಲ್‌ಆರ್‌ಗಳಿಗೆ ಎಪಿಎಸ್-ಸಿ ಎಂಬ, ಸುಮಾರು 23.5×15.6 ಮಿ.ಮೀ. ಅಳತೆಯ ಸೆನ್ಸರ್ ಬಂತು. 2003ರಲ್ಲಿ ಒಲಿಂಪಸ್ ಇನ್ನೂ ಚಿಕ್ಕದಾದ 'ಫೋರ್ ಥರ್ಡ್ಸ್' ಸೆನ್ಸರಿನ ಕ್ಯಾಮೆರಾ ತಂದಿತು. ಅದರ ಅಳತೆ 17.3×13 ಮಿ.ಮೀ. ಹೌದು, ಹಳೆಯ 110 ಫಿಲ್ಮಿನ ಅಳತೆಯೇ!

ಆದರೆ ಸೆನ್ಸರ್ ಚಿಕ್ಕದಾದರೂ ಕ್ಯಾಮೆರಾ ನಿರೀಕ್ಷಿಸಿದಷ್ಟು ಚಿಕ್ಕದಾಗಲಿಲ್ಲ. ಕಾರಣ ಒಳಗಿನ ಕನ್ನಡಿ. ಮಸೂರದಿಂದ ಬಂದ ಬಿಂಬವನ್ನು ಮೇಲಕ್ಕೆ, ಕಣ್ಣಿಗೆ ತಿರುಗಿಸಲು ಎಸ್‌ಎಲ್‌ಆರ್ ಒಳಗೆ ಒಂದು ಕನ್ನಡಿ ಇರುತ್ತದೆ. ಅದು ಮೇಲೆದ್ದು ಇಳಿಯಲು ಜಾಗ ಬೇಕು. 2008ರ ಆಗಸ್ಟ್‌ನಲ್ಲಿ ಒಲಿಂಪಸ್ ಮತ್ತು ಪ್ಯಾನಸಾನಿಕ್ ಸೇರಿ "ಕನ್ನಡಿಯೇ ಬೇಡ" ಎಂದವು. ಸೆನ್ಸರ್ ಕಂಡದ್ದನ್ನು ಪುಟ್ಟ ಪರದೆಯಲ್ಲಿ ನೇರ ತೋರಿಸಿದರಾಯಿತು. ಮಸೂರದ ಹಿಡಿಕೆಗೂ ಸೆನ್ಸರಿಗೂ ನಡುವಿನ ದೂರ ಸುಮಾರು 39 ಮಿ.ಮೀ. ಇದ್ದದ್ದು 20ರ ಆಸುಪಾಸಿಗೆ, ಅರ್ಧಕ್ಕೆ, ಇಳಿಯಿತು. ಇದೇ 'ಮೈಕ್ರೋ ಫೋರ್ ಥರ್ಡ್ಸ್'. ಅದೇ ವರ್ಷ ಪ್ಯಾನಸಾನಿಕ್ ಜಿ-1 ಬಂತು. 2009ರಲ್ಲಿ, ಮೈತಾನಿ ಅವರ ಪೆನ್‌ಗೆ ಐವತ್ತು ತುಂಬಿದ ವರ್ಷ, ಒಲಿಂಪಸ್ ಅದೇ ಹೆಸರಿನಲ್ಲಿ 335 ಗ್ರಾಂ ತೂಕದ ಇ-ಪಿ1 ತಂದಿತು.

ಆಮೇಲೆ ಎಲ್ಲರೂ ಓಟಕ್ಕೆ ಇಳಿದರು. 2010ರಲ್ಲಿ ಸೋನಿಯ ನೆಕ್ಸ್ ಎಪಿಎಸ್-ಸಿ ಸೆನ್ಸರನ್ನೇ ಚಪ್ಪಟೆ ದೇಹದಲ್ಲಿ ಕೂರಿಸಿತು. 2011ರಲ್ಲಿ ಪೆಂಟ್ಯಾಕ್ಸ್ 'ಕ್ಯೂ' ಬಂತು, ಸೆನ್ಸರ್ ಬರೀ ಉದ್ದಿನ ಕಾಳಿನಷ್ಟು. ಅದೇ ವರ್ಷ 'ನಿಕಾನ್ 1', ಸೆನ್ಸರ್ 13.2×8.8. ಇದಕ್ಕೆ "ಒಂದು ಇಂಚು" ಎಂದು ಹೆಸರು, ಆದರೆ ಕರ್ಣದ ಉದ್ದಕ್ಕೆ ಅಳೆದರೂ ಅದು 16 ಮಿ.ಮೀ. ಮಾತ್ರ. ಹಳೆಯ ಟಿವಿ ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರ ಅಳತೆಯಿಂದ ಬಂದ ಹೆಸರು ಅದು. ಅಂಗಡಿಗೆ ಹೋದಾಗ ಹೆಸರು ನಂಬಬೇಡಿ, ಮಿ.ಮೀ. ಕೇಳಿ.

ಒಂದು ಪಾಠವನ್ನು ಎಲ್ಲರೂ ತಡವಾಗಿ ಕಲಿತರು. ಕ್ಯಾಮೆರಾದ ದೇಹವನ್ನು ಎಷ್ಟು ಬೇಕಾದರೂ ತೆಳ್ಳಗೆ ಮಾಡಬಹುದು, ಮಸೂರವನ್ನು ಮಾಡಲಾಗದು. ಮಸೂರ ಇಡೀ ಸೆನ್ಸರಿನ ಮೇಲೆ ಬೆಳಕು ಹರಡಬೇಕು. ಸೆನ್ಸರ್ ದೊಡ್ಡದಾದರೆ ಗಾಜೂ ದೊಡ್ಡದು. 2013ರಲ್ಲಿ ಸೋನಿ ಎ7 ಬಂದಾಗ 24×36 ಸೆನ್ಸರ್ 474 ಗ್ರಾಂ ದೇಹದಲ್ಲಿ ಕೂತಿತೆಂದು ಎಲ್ಲರೂ ಬೆರಗಾದರು. ಆದರೆ ಮುಂದೆ ಅದಕ್ಕೆ ಬಂದ ಎಫ್ 2.8ರ 24–70 ಜೂಮ್ ಮಸೂರದ ತೂಕ 886 ಗ್ರಾಂ. ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಅದೇ ನೋಟ ಕೊಡುವ ಎಫ್ 2.8ರ 12–35 ಮಸೂರ 305 ಗ್ರಾಂ. ಸೆನ್ಸರ್ ಹಿಡಿಯುವ ಬೆಳಕಿನ ಮೊತ್ತ ಇಲ್ಲಿ ಸುಮಾರು ಕಾಲು ಭಾಗ ಎಂಬುದೂ ನಿಜ. ಪುಕ್ಕಟೆಯಾಗಿ ಯಾವುದೂ ಸಿಗುವುದಿಲ್ಲ.

ಕಪಾಟಿನಲ್ಲಿ ಉಳಿದ ಕ್ಯಾಮೆರಾ

ಈಗ ನನ್ನ ಮಾತು. ನಾನು ಫೋರ್ಟಿನ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆ. ಡೊಂಬಿವಲಿಯಿಂದ ದಿನಾ ಸುಮಾರು 48 ಕಿ.ಮೀ. ಹೋಗುವುದು, ಅಷ್ಟೇ ಬರುವುದು. ಬೋರಾ ಬಜಾರಿನ ಕ್ಯಾಮೆರಾ ಅಂಗಡಿಗಳ ಗಾಜಿನ ಮುಂದೆ ಊಟದ ಬಿಡುವಿನಲ್ಲಿ ನಿಂತು ನೋಡುವ ಚಾಳಿ ಇತ್ತು. ಅದನ್ನು ಗಮನಿಸಿ 2009ರಲ್ಲಿ ನನ್ನವರು ಒಂದು ಡಿಜಿಟಲ್ ಎಸ್‌ಎಲ್‌ಆರ್ ಕೊಡಿಸಿದರು. ಎರಡು ಮಸೂರ, ಚಾರ್ಜರ್, ಚೀಲ ಸೇರಿ ಎರಡೂವರೆ ಕಿಲೋ. ಸಂತೋಷಕ್ಕೆ ಪಾರವಿರಲಿಲ್ಲ.

ಆದರೆ ಬೆಳಗಿನ 8 ಗಂಟೆಯ ಫಾಸ್ಟ್ ಲೋಕಲಿನಲ್ಲಿ ಆ ಚೀಲ ಎಲ್ಲಿಡುವುದು? ಹೆಗಲಿಗೆ ಹಾಕಿದರೆ ಹಿಂದಿನವಳಿಗೆ ತಿವಿಯುತ್ತದೆ. ಎದೆಗೆ ಅವುಚಿದರೆ ಹಿಡಿದುಕೊಳ್ಳಲು ಕೈ ಇಲ್ಲ. ಮೇಲಿನ ಹಲಗೆಯಲ್ಲಿಟ್ಟರೆ ಇಳಿಯುವಾಗ ಸಿಗುವ ಭರವಸೆ ಇಲ್ಲ. ಎರಡು ಸಲ ಒಯ್ದೆ. ಮೂರನೆಯ ಸಲ ಬೇಡವೆನಿಸಿತು. ಆಮೇಲೆ ಬಲ ಭುಜ ಹಿಡಿದುಕೊಂಡಿತು, ಜಡೆ ಹೆಣೆಯಲು ಕೈ ಎತ್ತಲಾಗದಷ್ಟು. ಕ್ಯಾಮೆರಾ ಗೋದ್ರೇಜ್ ಕಪಾಟಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಸೇರಿತು.

2011ರಲ್ಲಿ ಅಮ್ಮ ಹೊಸಪೇಟೆಯಿಂದ ಬಂದು ಮೂರು ತಿಂಗಳು ನಮ್ಮಲ್ಲಿದ್ದಳು. ಯುಗಾದಿ ಬಂತು. ನಿಮಗೆ ಗೊತ್ತಿದೆ, ಯುಗಾದಿಯ ದಿನವೇ ಗುಡಿ ಪಾಡ್ವ. 1999ರಲ್ಲಿ ನಮ್ಮ ಡೊಂಬಿವಲಿಯಲ್ಲೇ ಶುರುವಾದ ಸ್ವಾಗತ ಯಾತ್ರೆ ಫಡ್ಕೆ ರೋಡಿನಲ್ಲಿ ಹೊರಡುತ್ತದೆ. ಅಮ್ಮ ಬೇವುಬೆಲ್ಲ ತಿಂದು, ತನ್ನ ಇಳಕಲ್ ಸೀರೆ ಉಟ್ಟು, ಅದೇ ಓಲೆ ಹಾಕಿಕೊಂಡು ಹೊರಟಳು. "ಆ ದೊಡ್ಡ ಕ್ಯಾಮೆರಾ ತಗೋ" ಎಂದಳು. "ಗದ್ದಲದಲ್ಲಿ ಬೇಡಮ್ಮ, ಭಾರ. ಮನೆಯಲ್ಲಿ ಆರಾಮವಾಗಿ ತೆಗೀತೀನಿ" ಎಂದೆ. ಗಣೇಶ ಮಂದಿರದ ಹತ್ತಿರ ನವವಾರಿ ಉಟ್ಟು ಬೈಕಿನಲ್ಲಿ ಬಂದ ಹುಡುಗಿಯೊಬ್ಬಳು ಅಮ್ಮನಿಗೆ ಗುಲಾಬಿ ಕೊಟ್ಟಳು. ಅಮ್ಮ ನಕ್ಕಳು. ಆ ನಗುವನ್ನು ನಾನು ಆಗಿನ ಬಟನ್ ಫೋನಿನಲ್ಲಿ ಹಿಡಿದೆ.

ಮನೆಯಲ್ಲಿ ಆರಾಮವಾಗಿ ತೆಗೆಯುವ ದಿನ ಬರಲೇ ಇಲ್ಲ. ಮರುವರ್ಷ ಅಮ್ಮ ಹೋದಳು. ಫೋನಿನ ಚಿತ್ರವನ್ನು ದೊಡ್ಡದು ಮಾಡಿದರೆ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ಓಲೆ ಒಂದು ಬಿಳಿ ಚುಕ್ಕಿ. ನಲವತ್ತು ವರ್ಷ ಹಿಂದಿನ ಬಡ ಪೆಟ್ಟಿಗೆಯಲ್ಲಿ ಕಲ್ಲುಗಳನ್ನು ಎಣಿಸಬಹುದು, ಕಡೆಯ ವರ್ಷದ್ದರಲ್ಲಿ ಆಗದು. ಕಪಾಟಿನ ಕ್ಯಾಮೆರಾ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು.

ಕೈಚೀಲದ ಕ್ಯಾಮೆರಾ

2014ರಲ್ಲಿ ಮಗಳು ತನ್ನ ಮೊದಲ ಸಂಬಳದ ಉಳಿತಾಯದಿಂದ ನನಗೊಂದು ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾ ತಂದಳು. ಅದರ ಜೊತೆ 45 ಮಿ.ಮೀ., ಎಫ್ 1.8ರ ಒಂದು ಮಸೂರ. ತೂಕ 116 ಗ್ರಾಂ, ಒಂದು ನಿಂಬೆಹಣ್ಣು ಹಿಡಿದಂತೆ. ಎಲ್ಲ ಸೇರಿ ಊಟದ ಡಬ್ಬಿಗಿಂತ ಹಗುರ. ಅಂದಿನಿಂದ ಅದು ನನ್ನ ಕೈಚೀಲದಲ್ಲೇ, ಕನ್ನಡಕದ ಪೆಟ್ಟಿಗೆಯ ಪಕ್ಕ.

ಆ ಕ್ಯಾಮೆರಾ ನನ್ನನ್ನು ಎಲ್ಲೆಲ್ಲಿಗೋ ಒಯ್ಯಿತು. ಠಾಣೆಯ ಮಾಸುಂದಾ ತಲಾವಿನ ದಂಡೆಯ ದೀಪಗಳು, ಕಲ್ಯಾಣದ ದುರ್ಗಾಡಿ ಕೋಟೆಯಿಂದ ಕಾಣುವ ಖಾಡಿ, ನವಿ ಮುಂಬಯಿಯ ಕೆಸರುಗದ್ದೆಗಳು. ಐರೋಲಿಯ ಜೀವವೈವಿಧ್ಯ ಕೇಂದ್ರದಿಂದ ದೋಣಿಯಲ್ಲಿ ಹೋಗಿ ರಾಜಹಂಸಗಳನ್ನು ನೋಡಿದ ದಿನ ಮರೆಯಲಾರೆ. ಠಾಣೆ ಖಾಡಿಯ ಆ ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ದೋಣಿಯಲ್ಲಿ ಪಕ್ಕದವರ ಹತ್ತಿರ ಎರಡು ಕಿಲೋ ಮೀರಿದ 200–600ರ ಮಸೂರವಿತ್ತು. ನನ್ನದು 75–300, ತೂಕ 423 ಗ್ರಾಂ. ಸೆನ್ಸರ್ ಚಿಕ್ಕದಾದ್ದರಿಂದ ನನ್ನ 300 ಅವರ 600ರಷ್ಟೇ ಹತ್ತಿರ ತೋರಿಸುತ್ತದೆ. ಬಿಸಿಲಿರುವ ತನಕ ಇಬ್ಬರ ಚಿತ್ರಕ್ಕೂ ಹೆಚ್ಚು ಭೇದವಿರಲಿಲ್ಲ. ಮೋಡ ಕವಿದೊಡನೆ ನನ್ನ ಹಂಸಗಳ ಗುಲಾಬಿ ಬಣ್ಣದಲ್ಲಿ ರವೆ ಬೆರೆಯಿತು. ಅವರದು ರೇಷ್ಮೆಯಂತೆಯೇ ಇತ್ತು. ಲೋಟ ಮತ್ತು ಪರಾತ!

ಸಂಘದ ಸಭಾಂಗಣದ ಯಕ್ಷಗಾನದಲ್ಲಿ ಮಾತ್ರ ಇದು ತಿರುಗುಮುರುಗಾಯಿತು. ಅಲ್ಲಿ ನನ್ನ ಹಳೆಯ ದೊಡ್ಡ ಕ್ಯಾಮೆರಾದ ಜೊತೆ ಬಂದಿದ್ದ ಎಫ್ 5.6ರ ಮಸೂರಕ್ಕಿಂತ ಪುಟ್ಟದರ ಎಫ್ 1.8ರ ಮಸೂರ ಸುಮಾರು ಹತ್ತು ಪಟ್ಟು ಧಾರಾಳವಾಗಿ ಬೆಳಕು ಒಳಬಿಡುತ್ತದೆ. ಸೆನ್ಸರಿನ ಕೊರತೆಯನ್ನು ಕಳೆದರೂ ಲಾಭ ನನ್ನದೇ. ಪಾತ್ರೆ ಚಿಕ್ಕದಿದ್ದರೂ ಮಾಡಿನ ಬಾಯಿ ಅಗಲವಿದ್ದರೆ ನೀರು ಸೇರುತ್ತದೆ. ಹಾಗಾಗಿ ಕೊಳ್ಳುವವರಿಗೆ ನನ್ನ ಸಲಹೆ: ಮೊದಲು ನಿಮ್ಮ ಹೆಗಲಿನ ಶಕ್ತಿ ಲೆಕ್ಕಹಾಕಿ, ಆಮೇಲೆ ಒಂದು ಒಳ್ಳೆಯ ಮಸೂರಕ್ಕೆ ಹಣ ಹಾಕಿ, ಸೆನ್ಸರಿನ ಮಾತು ಕೊನೆಗಿರಲಿ.

ಇತ್ತ ಲೋಕ ಬೇರೆಡೆಗೆ ಹೊರಳಿತು. 2010ರಲ್ಲಿ ಜಗತ್ತಿನಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಮಾರಾಟಕ್ಕೆ ಹೊರಟಿದ್ದವು. 2020ರಲ್ಲಿ 90 ಲಕ್ಷಕ್ಕೂ ಕಡಿಮೆ. ಫೋನು ಎಲ್ಲವನ್ನೂ ನುಂಗಿತು. ನಿಕಾನ್ 1 2018ರಲ್ಲಿ ನಿಂತಿತು. ಅದೇ ವರ್ಷ ನಿಕಾನ್, ಕೆನಾನ್ ಎರಡೂ ಕನ್ನಡಿಯಿಲ್ಲದ 24×36 ಕ್ಯಾಮೆರಾಗಳಿಗೆ ಕೈಹಾಕಿದವು. ಒಲಿಂಪಸ್ ತನ್ನ ಕ್ಯಾಮೆರಾ ವಿಭಾಗವನ್ನು ಬೇರೆಯವರಿಗೆ ಒಪ್ಪಿಸಿ, 2021ರಿಂದ ಅದು ಓಎಂ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಜಗ್ಗಾಟ ಮುಗಿದಿಲ್ಲ, ಆಟಗಾರರು ಬದಲಾಗಿದ್ದಾರೆ.

ಕಳೆದ ಬಾರಿ ತವರಿಗೆ ಹೋದಾಗ ಹಂಪಿಗೆ ಹೋಗಿ, ಕಲ್ಲಿನ ರಥದೆದುರು ಅಪ್ಪ ನಿಂತಿರಬಹುದಾದ ಜಾಗ ಹುಡುಕಿ ಒಂದು ಚಿತ್ರ ತೆಗೆದೆ. ಈಗ ನನ್ನ ಬಳಿ ಮೂರಿವೆ. ಗ್ರೀನ್‌ಲಾನದರಲ್ಲಿ ಗೋಪುರ ಇದೆ. ಅಪ್ಪನದರಲ್ಲಿ ಗೋಪುರ ಇಲ್ಲ, ಅಮ್ಮ ಇದ್ದಾಳೆ. ನನ್ನದರಲ್ಲಿ ಎರಡೂ ಇಲ್ಲ. ಗ್ರೀನ್‌ಲಾನ ಕಾಗದ ನನ್ನ ಸೆನ್ಸರಿನ ಎಂಟುನೂರು ಪಟ್ಟು ದೊಡ್ಡದು. ಆದರೆ ನನ್ನ ಚಿತ್ರದಲ್ಲಿ ಕಡಿಮೆಯಾದದ್ದು ಅದಲ್ಲ.

ಗೆಳತಿಯರೇ, ಮುಂದಿನ ಅರಿಶಿನ ಕುಂಕುಮಕ್ಕೆ ಬರುವಾಗ ನಿಮ್ಮ ಅಮ್ಮನನ್ನೋ ಅತ್ತೆಯನ್ನೋ ಜೊತೆಗೆ ಕರೆತನ್ನಿ. ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿರುತ್ತೇನೆ. ಪುಟ್ಟ ಕ್ಯಾಮೆರಾ ಕೈಚೀಲದಲ್ಲಿರುತ್ತದೆ. ಚಿತ್ರ ತೆಗೆದು, ಕಾಗದದ ಮೇಲೆ ಮುದ್ರಿಸಿ ಕೊಡುವುದು ನನ್ನ ಜವಾಬ್ದಾರಿ. ಓಲೆ ಹಾಕಿಕೊಂಡು ಬರಲು ಹೇಳಿ.